ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದೆಂಬ ಮಾತನ್ನು ಕೇಳದೆ ಬೆಳೆದ ಕನ್ನಡಿಗರಾರಿದ್ದಾರೆ? ಊರು ಬಿಟ್ಟು ಬಂದು ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮ ಹಿರಿಯರು ಬೇರೆ ಆಸ್ತಿಯನ್ನೇನೂ ತರದಿದ್ದರೂ ಈ ಮಾತನ್ನು ಮಾತ್ರ ಗಂಟಿನಲ್ಲಿ ಕಟ್ಟಿಕೊಂಡೇ ಬಂದರು. ಅನ್ನ ಕೊಟ್ಟವನಿಗೆ ಎರಡು ಬಗೆಯಬಾರದು; ಉಪ್ಪಿನ ಋಣವನ್ನು ಮರೆಯಬಾರದು. ಹಳಗನ್ನಡದ ಕವಿಗಳು ಇದನ್ನೇ ಜೋಳದ ಪಾಳಿಯೆಂದು ಕರೆದು, ಒಡೆಯನಿಗಾಗಿ ಪ್ರಾಣಕೊಟ್ಟ ವೀರರನ್ನು ಬಾಯಿತುಂಬ ಹೊಗಳಿದರು.

ಆದರೆ ಅದೇ ಮನೆಗಳಲ್ಲಿ ರಾಮಾಯಣದ ಕಥೆಯನ್ನು ಹೇಳುವಾಗ ವಿಭೀಷಣನೂ ಬರುತ್ತಾನೆ. ಅಣ್ಣನ ಮನೆಯಲ್ಲಿ ಉಂಡು, ಅಣ್ಣನ ಗುಟ್ಟನ್ನು ಹಗೆಯ ಪಾಳೆಯಕ್ಕೆ ಒಯ್ದವನನ್ನು ಒಳ್ಳೆಯವನೆಂದು ಹೇಗೆ ಹೇಳುತ್ತೀರಿ ಎಂದು ಮಕ್ಕಳು ಕೇಳಿದರೆ ನಾವು ಕೊಂಚ ತಡವರಿಸುತ್ತೇವೆ. ರಾವಣ ಅಧರ್ಮಿಯಾಗಿದ್ದನಲ್ಲ ಎಂದು ಹೇಳಿ ಪಾರಾಗುತ್ತೇವೆ. ಮಕ್ಕಳಿಗೆ ಅದರಿಂದ ಪೂರ್ತಿ ಸಮಾಧಾನವಾಗುವುದಿಲ್ಲ. ನಿಜ ಹೇಳಬೇಕೆಂದರೆ ನಮಗೂ ಆಗುವುದಿಲ್ಲ.

ಈ ಪ್ರಶ್ನೆ ಪುರಾಣದ ಕಾಲಕ್ಕೇ ಮುಗಿದುಹೋಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹಿಟ್ಲರನ ಜರ್ಮನಿಯಲ್ಲಿ, ಅದೂ ಪರರ ಗುಟ್ಟನ್ನು ಕದ್ದು ತನ್ನವರ ಗುಟ್ಟನ್ನು ಕಾಯಬೇಕಾದ ಬೇಹುಗಾರರ ಕಚೇರಿಯಲ್ಲಿಯೇ ಅದು ಮತ್ತೆ ತಲೆಯೆತ್ತಿತು. ಆ ಕಥೆಯನ್ನು ಈ ಸಲ ಓದುಗರ ಮುಂದಿಡಬೇಕೆಂದಿದ್ದೇವೆ.

ಕಾಲುವೆಯ ದಂಡೆಯ ಕಚೇರಿ

ಬರ್ಲಿನ್ ನಗರದ ನಡುವೆ ಹರಿಯುವ ಕಾಲುವೆಯೊಂದರ ದಂಡೆಯಲ್ಲಿ, ಟಿರ್ಪಿಟ್ಸ್ ಉಫರ್ ಎಂಬ ಬೀದಿಯಲ್ಲಿ, ಜರ್ಮನ್ ಸೇನೆಯ ಗೂಢಚರ್ಯೆಯ ಇಲಾಖೆಯಿತ್ತು. ಅದಕ್ಕೆ ಆಬ್ವೇರ್ ಎಂದು ಹೆಸರು. 1935ನೆಯ ಜನವರಿ 1ರಂದು, ತನ್ನ 48ನೆಯ ಹುಟ್ಟುಹಬ್ಬದ ದಿನವೇ, ವಿಲ್ಹೆಲ್ಮ್ ಕನಾರಿಸ್ ಎಂಬ ನೌಕಾಧಿಕಾರಿ ಅದರ ಮುಖ್ಯಸ್ಥನಾಗಿ ಬಂದು ಕುಳಿತ.

ಕನಾರಿಸ್ ನೋಡಲು ಗಿಡ್ಡ ಆಳು, ಮೆಲುಮಾತಿನವನು, ತಲೆ ಬೇಗನೆ ನರೆತಿತ್ತು. ಸಾಕಿದ ನಾಯಿಗಳೆಂದರೆ ಪ್ರಾಣ. ಪ್ರವಾಸದಲ್ಲಿದ್ದಾಗಲೂ ಬರ್ಲಿನ್ನಿಗೆ ದೂರವಾಣಿ ಮಾಡಿ ನಾಯಿಗಳು ಉಂಡುವೇ ಎಂದು ವಿಚಾರಿಸುತ್ತಿದ್ದನಂತೆ. ಇಂಥವನ ಹಿಂದಿನ ಚರಿತ್ರೆಯಾದರೋ ಕಾದಂಬರಿಗೆ ಯೋಗ್ಯವಾದುದು. ಮೊದಲನೆಯ ಮಹಾಯುದ್ಧದಲ್ಲಿ ಅವನಿದ್ದ ಡ್ರೆಸ್ಡೆನ್ ಎಂಬ ಯುದ್ಧನೌಕೆ ಬ್ರಿಟಿಷರ ಕೈಗೆ ಸಿಕ್ಕಿಬಿದ್ದು 1915ರ ಮಾರ್ಚ್ ತಿಂಗಳಲ್ಲಿ ಪೆಸಿಫಿಕ್ ಸಾಗರದಲ್ಲಿ ಮುಳುಗಿತು. ಉಳಿದವರೊಡನೆ ಕನಾರಿಸ್ ಚಿಲಿ ದೇಶದಲ್ಲಿ ನಿರ್ಬಂಧಕ್ಕೊಳಗಾದ. ಅಲ್ಲಿಂದ ತಪ್ಪಿಸಿಕೊಂಡು ಆಂಡೀಸ್ ಪರ್ವತಗಳನ್ನು ದಾಟಿ, ರೀಡ್ ರೋಸಾಸ್ ಎಂಬ ಸುಳ್ಳು ಹೆಸರಿನ ಚಿಲಿಯ ಪಾಸ್‌ಪೋರ್ಟು ಹಿಡಿದು, ಡಚ್ಚರ ಹಡಗನ್ನೇರಿ, ಇಂಗ್ಲೆಂಡಿನ ಪ್ಲಿಮತ್ ಬಂದರಿನಲ್ಲಿ ಬ್ರಿಟಿಷ್ ಅಧಿಕಾರಿಗಳ ಕಣ್ಣಮುಂದೆಯೇ ಹಾದು ತಾಯ್ನಾಡನ್ನು ಸೇರಿದ. ವೇಷ ಹಾಕುವುದರಲ್ಲಿ ಇಷ್ಟು ಪಳಗಿದವನಿಗೆ ಗೂಢಚಾರರ ಒಡೆತನ ಸಿಕ್ಕಿದ್ದರಲ್ಲಿ ಆಶ್ಚರ್ಯವೇನು!

ಮೊದಮೊದಲು ಅವನೂ ಹಿಟ್ಲರನನ್ನು ಮೆಚ್ಚಿದವನೇ. ಸೋತು ತಲೆಬಾಗಿದ್ದ ದೇಶಕ್ಕೆ ಮತ್ತೆ ಮಾನ ಬಂತೆಂದು ಎಷ್ಟೋ ಸೇನಾಧಿಕಾರಿಗಳು ನಂಬಿದ್ದರು. ಅವರಲ್ಲಿ ಇವನೂ ಒಬ್ಬ. ಆದರೆ ಅವನ ಕೈಕೆಳಗಿದ್ದ ಹಾನ್ಸ್ ಓಸ್ಟರ್‌ನ ಮಾತು ಬೇರೆ. ಈತ ಡ್ರೆಸ್ಡೆನ್ ಪಟ್ಟಣದ ಪಾದ್ರಿಯ ಮಗ. ಕಚೇರಿಯ ಕೇಂದ್ರ ವಿಭಾಗದ ಮುಖ್ಯಸ್ಥ. ನಾಲಗೆಯನ್ನು ಹಿಡಿತದಲ್ಲಿಟ್ಟುಕೊಳ್ಳುವ ಅಭ್ಯಾಸವಿಲ್ಲದವನು. ಹಿಟ್ಲರನ ಆಳ್ವಿಕೆ ದೇಶವನ್ನು ಹಾಳುಮಾಡುವುದೆಂಬ ನಿರ್ಧಾರಕ್ಕೆ ಅವನು ಯುದ್ಧಕ್ಕೆ ಮೊದಲೇ ಬಂದಿದ್ದ.

ಇಲ್ಲಿ ಒಂದು ಪ್ರಮಾಣವಚನದ ವಿಷಯವನ್ನು ಹೇಳಬೇಕು. ಮೊದಲು ಜರ್ಮನ್ ಸೈನಿಕರು ತಮ್ಮ ಜನತೆಗೂ ದೇಶಕ್ಕೂ ನಿಷ್ಠರಾಗಿರುವೆವೆಂದು ಪ್ರಮಾಣ ಮಾಡುತ್ತಿದ್ದರು. 1934ನೆಯ ಆಗಸ್ಟ್ 2ರಂದು ಮುದುಕ ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ತೀರಿಕೊಂಡ ದಿನವೇ ಈ ಮಾತುಗಳನ್ನು ತಿದ್ದಲಾಯಿತು. ಅಂದಿನಿಂದ ಪ್ರತಿಯೊಬ್ಬ ಸೈನಿಕನೂ ಅಡಾಲ್ಫ್ ಹಿಟ್ಲರ್ ಎಂಬ ಒಬ್ಬ ವ್ಯಕ್ತಿಯ ಹೆಸರೆತ್ತಿ, ಅವನಿಗೆ ನಿಶ್ಶರ್ತವಾದ ವಿಧೇಯತೆಯನ್ನು ದೇವರ ಸಾಕ್ಷಿಯಾಗಿ ಒಪ್ಪಿಸಬೇಕಾಯಿತು. ಮನೆಯ ಋಣವು ಒಂದೇ ದಿನದಲ್ಲಿ ಯಜಮಾನನ ಋಣವಾಗಿಬಿಟ್ಟಿತು! ಮುಂದಿನ ಕಥೆಯ ಬೀಜವೆಲ್ಲ ಇದರಲ್ಲಿದೆ ಎಂದು ನಮಗೆ ತೋರುತ್ತದೆ.

1938ರಲ್ಲಿ ಹಿಟ್ಲರ್ ಜೆಕೊಸ್ಲೊವಾಕಿಯದ ಮೇಲೆ ಕಣ್ಣು ಹಾಕಿದಾಗ, ದಾಳಿಯ ಆಜ್ಞೆ ಹೊರಟೊಡನೆ ಅವನನ್ನು ಬಂಧಿಸಬೇಕೆಂದು ಕೆಲವು ಸೇನಾನಿಗಳು ಹವಣಿಸಿದರು. ಆ ಸಂಚನ್ನು ಹೆಣೆದವರಲ್ಲಿ ಓಸ್ಟರ್ ಮುಖ್ಯನು. ಆದರೆ ಸೆಪ್ಟೆಂಬರ್ ಕೊನೆಯಲ್ಲಿ ಬ್ರಿಟನ್ನಿನ ಪ್ರಧಾನಿ ಚೇಂಬರ್ಲೇನ್ ಮ್ಯೂನಿಕ್‌ಗೆ ಬಂದು, ಹಿಟ್ಲರ್ ಕೇಳಿದ ಪ್ರದೇಶವನ್ನು ಯುದ್ಧವಿಲ್ಲದೆಯೇ ಕೊಡಿಸಿ ಹೋದ. ರಕ್ತ ಸುರಿಸದೆ ಗೆದ್ದು ಬಂದವನನ್ನು ಬಂಧಿಸಲು ಯಾವ ಸೈನಿಕ ಮುಂದೆ ಬಂದಾನು? ಸಂಚು ಅಲ್ಲಿಗೇ ನಿಂತಿತು.

ತೋಳ ಬಂತು ತೋಳ

1939ನೆಯ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ಬಿತ್ತು. ಸೇನೆಯ ಬೆನ್ನಹಿಂದೆಯೇ ಹೋದ ಕೊಲೆಗಡುಕ ಪಡೆಗಳು ಅಲ್ಲಿನ ಹಿರಿಯರನ್ನೂ ಪಾದ್ರಿಗಳನ್ನೂ ಯೆಹೂದ್ಯರನ್ನೂ ಕೊಲ್ಲತೊಡಗಿದುವು. ಸೆಪ್ಟೆಂಬರ್ 12ರಂದು ಕನಾರಿಸ್ ಹಿಟ್ಲರನ ವಿಶೇಷ ರೈಲಿಗೆ ಹೋಗಿ, ಸೇನಾ ಮುಖ್ಯ ಕಚೇರಿಯ ಅಧಿಪತಿ ಕೈಟೆಲ್‌ನ ಮುಂದೆ ಈ ಕೊಲೆಗಳನ್ನು ಪ್ರತಿಭಟಿಸಿದ. ಈ ವಿಷಯ ಹಿಟ್ಲರನಿಂದ ಆಗಲೇ ತೀರ್ಮಾನವಾಗಿದೆಯೆಂಬ ಉತ್ತರ ಸಿಕ್ಕಿತು. ಕನಾರಿಸ್ ಹಿಂತಿರುಗಿದ, ರಾಜೀನಾಮೆ ಕೊಡಲಿಲ್ಲ. ಆದರೆ ಅಂದಿನಿಂದ ತನ್ನ ಕಚೇರಿಯಲ್ಲಿ ಓಸ್ಟರ್ ಏನು ಮಾಡುತ್ತಿದ್ದಾನೆಂಬುದನ್ನು ಕಂಡೂ ಕಾಣದವನಂತೆ ಇದ್ದುಬಿಟ್ಟ.

ಓಸ್ಟರ್ ಮಾಡಿದ್ದಾದರೂ ಏನು? ಬರ್ಲಿನ್ನಿನಲ್ಲಿದ್ದ ಡಚ್ ಸೈನಿಕ ಪ್ರತಿನಿಧಿ ಮೇಜರ್ ಸಾಸ್ ಅವನ ಹಳೆಯ ಗೆಳೆಯ. ಹಾಲೆಂಡು ಯುದ್ಧಕ್ಕೆ ಸೇರದ ತಟಸ್ಥ ದೇಶ. ಅಂಥ ದೇಶದ ಮೇಲೆಯೂ ಬೆಲ್ಜಿಯಂ ಮೇಲೆಯೂ 1939ರ ನವೆಂಬರಿನಲ್ಲಿಯೇ ದಾಳಿ ಮಾಡಲು ಹಿಟ್ಲರ್ ಗೊತ್ತುಮಾಡಿದ್ದ. ಆ ಗುಟ್ಟನ್ನು ಓಸ್ಟರ್ ಸಾಸ್‌ಗೆ ತಿಳಿಸಿದ. ಗೆಳೆಯನ ಮನೆಗೆ ಅವನನ್ನು ಕಾರಿನಲ್ಲಿ ಕರೆದೊಯ್ದ ಲೀಡಿಗ್ ಎಂಬ ನೌಕಾಧಿಕಾರಿ ಮುಂದೆ ಆ ರಾತ್ರಿಯನ್ನು ನೆನೆದು ಹೇಳಿದ್ದುಂಟು. ತನಗೆ ಇನ್ನು ಹಿಂದಿರುಗುವ ದಾರಿಯಿಲ್ಲವೆಂದೂ, ಪಿಸ್ತೂಲು ತೆಗೆದು ಒಬ್ಬನನ್ನು ಸುಡುವುದು ಈ ಕೆಲಸಕ್ಕಿಂತ ಎಷ್ಟೋ ಸುಲಭವೆಂದೂ ಓಸ್ಟರ್ ಆಗ ಅಂದನಂತೆ. ಅವನೇನೂ ಎಳೆಯನಲ್ಲ, ಐವತ್ತು ದಾಟಿದ ಗೃಹಸ್ಥ. ಶತ್ರುವಿಗೆ ಮುನ್ಸೂಚನೆ ಸಿಕ್ಕರೆ ಸಾಯುವವರು ತನ್ನವರೇ ಆದ ಜರ್ಮನ್ ಸೈನಿಕರೆಂಬುದನ್ನು ತಿಳಿದೇ ಆ ಹೆಜ್ಜೆಯಿಟ್ಟವನು.

ನವೆಂಬರ್ 12ಕ್ಕೆ ಗೊತ್ತಾಗಿದ್ದ ದಾಳಿ ಹವೆ ಕೆಟ್ಟುದರಿಂದ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಹೀಗೆ ಚಳಿಗಾಲ ಕಳೆಯುವವರೆಗೆ ದಿನ ಇಡುವುದೂ ತೆಗೆಯುವುದೂ ಹಲವು ಹತ್ತು ಸಲ ನಡೆಯಿತು. ಓಸ್ಟರ್ ಪ್ರತಿಸಲವೂ ತಿಳಿಸಿದ. ಸಾಸ್ ಪ್ರತಿಸಲವೂ ಹೇಗ್ ನಗರದಲ್ಲಿದ್ದ ತನ್ನ ಮೇಲಧಿಕಾರಿಗಳಿಗೆ ಬರೆದ. ದಿನ ಬರುತ್ತಿತ್ತು, ದಾಳಿ ಬರುತ್ತಿರಲಿಲ್ಲ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಪಾಡು ಪಾಪ, ಸಾಸ್‌ನ ಪಾಲಿಗೆ ಬಂತು. ಆದರೆ ಆ ಹುಡುಗ ಸುಳ್ಳು ಹೇಳಿದ್ದ. ಇವನು ಹೇಳಿದ್ದು ಪ್ರತಿಸಲವೂ ನಿಜವೇ ಆಗಿತ್ತು. 1940ರ ಏಪ್ರಿಲಿನಲ್ಲಿ ಡೆನ್ಮಾರ್ಕ್, ನಾರ್ವೆಗಳ ಮೇಲಿನ ದಾಳಿಯ ಸುದ್ದಿಯೂ ಓಸ್ಟರ್‌ನಿಂದ ಸಾಸ್‌ಗೆ, ಸಾಸ್‌ನಿಂದ ಆ ದೇಶಗಳವರಿಗೆ ಮುಂಚಿತವಾಗಿಯೇ ತಲುಪಿತ್ತು. ಅದಕ್ಕೂ ತಕ್ಕ ಬೆಲೆ ಸಿಗಲಿಲ್ಲ.

ಕೊನೆಗೆ ಮೇ 9ನೆಯ ದಿನ ಬಂತು. ಆ ಸಂಜೆ ಗೆಳೆಯರಿಬ್ಬರೂ ಕೂಡಿ ಊಟಮಾಡಿದರು. ಊಟವಾದ ಮೇಲೆ ಓಸ್ಟರ್ ಕೊನೆಯ ಸಲ ವಿಚಾರಿಸಿಕೊಂಡು ಬರಲು ಸೇನಾ ಕಚೇರಿಯೊಳಕ್ಕೆ ಹೋದ. ಸಾಸ್ ಹೊರಗೆ ಕಾದ. ರಾತ್ರಿ ಒಂಬತ್ತೂವರೆಯ ಸುಮಾರಿಗೆ ಓಸ್ಟರ್ ಹೊರಬಂದು, ಆಜ್ಞೆ ಹಿಂತೆಗೆದಿಲ್ಲ, ಹಿಟ್ಲರ್ ಪಶ್ಚಿಮ ರಣರಂಗಕ್ಕೆ ಹೊರಟುಹೋಗಿದ್ದಾನೆ ಎಂದು ಹೇಳಿ ಬೀಳ್ಕೊಂಡ. ಸಾಸ್ ಓಡೋಡಿ ಹೋಗಿ ಬೆಲ್ಜಿಯಂ ದೇಶದ ಪ್ರತಿನಿಧಿಗೆ ತಿಳಿಸಿ, ಹೇಗ್‌ಗೆ ದೂರವಾಣಿ ಮಾಡಿದ. ಅವನ ಮಾತಿನಲ್ಲಿ ನಂಬಿಕೆ ಸಾಲದೆ ಅಲ್ಲಿಂದ ಒಬ್ಬ ಮೇಲಧಿಕಾರಿ ಮರಳಿ ಕರೆಮಾಡಿ, ನಿಮ್ಮ ಹೆಂಡತಿಯ ಶಸ್ತ್ರಚಿಕಿತ್ಸೆಯ ಸುದ್ದಿ ಕೇಳಿದೆವು, ಎಲ್ಲ ವೈದ್ಯರನ್ನೂ ಕೇಳಿದಿರಾ ಎಂದು ಸಂಕೇತದಲ್ಲಿ ವಿಚಾರಿಸಿದ. ಸಾಸ್ ಸಿಡಿಮಿಡಿಗೊಂಡು, ಎಲ್ಲ ವೈದ್ಯರನ್ನೂ ಕೇಳಿಯಾಗಿದೆ, ನಾಳೆ ಬೆಳಕು ಹರಿಯುವಾಗ ಶಸ್ತ್ರಚಿಕಿತ್ಸೆ ಎಂದು ಉತ್ತರ ಕೊಟ್ಟ.

ಬೆಳಕು ಹರಿಯಿತು, ದಾಳಿಯೂ ಬಂತು. ಮೇ 13ರಂದು ಡಚ್ಚರ ರಾಣಿ ವಿಲ್ಹೆಲ್ಮಿನಾ ಇಂಗ್ಲೆಂಡಿಗೆ ಹೋಗಬೇಕಾಯಿತು. 14ರಂದು ರಾಟರ್ಡಾಮ್ ನಗರದ ನಡುಭಾಗವು ಬಾಂಬುಗಳಿಗೆ ಬಲಿಯಾಗಿ ಉರಿದುಹೋಯಿತು. ಅಂದೇ ಡಚ್ ಸೇನೆ ಶಸ್ತ್ರವಿಳಿಸಿತು. ಓಸ್ಟರ್ ಪ್ರಾಣ ಒತ್ತೆಯಿಟ್ಟು ತಂದ ಸುದ್ದಿ ಒಂದು ದೇಶವನ್ನೂ ಉಳಿಸಲಿಲ್ಲ.

ಕಳ್ಳನ ಕೈಗೇ ಬೀಗದ ಕೈ

ಇದೇ ಸುದ್ದಿಯನ್ನು ಓಸ್ಟರ್‌ನ ಗುಂಪು ಇನ್ನೊಂದು ದಾರಿಯಿಂದಲೂ ಕಳಿಸಿತ್ತು. ಜೋಸೆಫ್ ಮ್ಯೂಲರ್ ಎಂಬ ಮ್ಯೂನಿಕ್ ನಗರದ ವಕೀಲ, ಆಬ್ವೇರ್‌ನ ಕೆಲಸದ ಹೆಸರಿನಲ್ಲಿ ರೋಮಿಗೆ ಹೋಗಿ ಪೋಪರ ಅರಮನೆಗೆ ಅದನ್ನು ಮುಟ್ಟಿಸಿದ. ಅಲ್ಲಿದ್ದ ಬೆಲ್ಜಿಯಂ ರಾಯಭಾರಿ ತನ್ನ ಸರಕಾರಕ್ಕೆ ಸಂಕೇತಲಿಪಿಯಲ್ಲಿ ತಂತಿ ಕೊಟ್ಟ. ಆ ತಂತಿಗಳನ್ನು ಜರ್ಮನರು ಹಿಡಿದು ಓದಿಬಿಟ್ಟರು! ಹಿಟ್ಲರನ ಕೋಪಕ್ಕೆ ಪಾರವಿಲ್ಲದಾಯಿತು. ದ್ರೋಹಿ ಯಾರೆಂದು ಪತ್ತೆ ಹಚ್ಚಬೇಕೆಂಬ ಆಜ್ಞೆ ಬಂದುದು ಯಾರಿಗೆ? ಗೂಢಚಾರರ ಮುಖ್ಯಸ್ಥ ಕನಾರಿಸ್‌ಗೆ. ಕನಾರಿಸ್ ಆ ತನಿಖೆಗಾಗಿ ರೋಮಿಗೆ ಕಳಿಸಿದ್ದು ಯಾರನ್ನು? ಸಾಕ್ಷಾತ್ ಮ್ಯೂಲರ್‌ನನ್ನೇ. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಾಯಿತು. ತಾನು ಮಾಡಿದ ಕೆಲಸವನ್ನು ತಾನೇ ಶೋಧಿಸಲು ಹೋದ ಮ್ಯೂಲರ್, ಬೇರೆ ಕಡೆಗೆ ಬೆರಳು ತೋರುವ ವರದಿಯನ್ನು ತಂದೊಪ್ಪಿಸಿದ.

1942ರಲ್ಲಿ ಇದೇ ಕಚೇರಿ ಇನ್ನೊಂದು ಕೆಲಸ ಮಾಡಿತು. ಸಾವಿನ ಶಿಬಿರಗಳಿಗೆ ಸಾಗಿಸಲ್ಪಡಲಿದ್ದ 14 ಮಂದಿಯನ್ನು, ಬಹುಪಾಲು ಯೆಹೂದ್ಯ ಮೂಲದವರನ್ನು, ನಮ್ಮ ಗೂಢಚಾರರೆಂದು ಕಾಗದಪತ್ರ ಹುಟ್ಟಿಸಿ ಸ್ವಿಟ್ಜರ್ಲೆಂಡಿಗೆ ದಾಟಿಸಿತು. ಅದನ್ನು ನಡೆಸಿದವನು ಕನಾರಿಸ್‌ನ ಒಪ್ಪಿಗೆ ಪಡೆದ ಹಾನ್ಸ್ ಫಾನ್ ದೊಹ್ನಾನ್ಯಿ ಎಂಬ ನ್ಯಾಯಶಾಸ್ತ್ರಜ್ಞ. ದೇಶಗಳನ್ನು ಉಳಿಸಲಾಗದ ಆ ಗುಂಪು 14 ಜೀವಗಳನ್ನಾದರೂ ಉಳಿಸಿತು.

ಇಷ್ಟು ಹೇಳಿ ನಿಲ್ಲಿಸಿದರೆ ಓದುಗರಿಗೆ ಅರ್ಧ ಸತ್ಯವನ್ನೇ ಬಡಿಸಿದಂತಾದೀತು. ಅದೇ ಕನಾರಿಸ್‌ನ ಇಲಾಖೆ ಹಿಟ್ಲರನ ಯುದ್ಧವನ್ನೂ ನಡೆಸುತ್ತಿತ್ತು. ಪೂರ್ವದ ರಣರಂಗದಲ್ಲಿ ಅದರ ಜನ ಕೊಲೆಗಡುಕ ಪಡೆಗಳೊಡನೆ ಕೂಡಿ ಕೆಲಸ ಮಾಡಿದರು. 1942ರ ಜೂನಿನಲ್ಲಿ ಅಮೆರಿಕದ ಕಾರಖಾನೆಗಳನ್ನು ಹಾಳುಗೆಡವಲು ಅದು 8 ಮಂದಿಯನ್ನು ಜಲಾಂತರ್ನೌಕೆಯಲ್ಲಿ ಕಳಿಸಿತು. ಎಲ್ಲರೂ ಸಿಕ್ಕಿಬಿದ್ದು ಆರು ಜನ ಮರಣದಂಡನೆಗೆ ಗುರಿಯಾದರು. ಇನ್ನೂ ನೋಯಿಸುವ ಸಂಗತಿ ಹಾಲೆಂಡಿನದು. ಯಾವ ದೇಶಕ್ಕೆ ಓಸ್ಟರ್ ಮುನ್ಸೂಚನೆ ಕೊಟ್ಟನೋ ಅದೇ ದೇಶದಲ್ಲಿ, 1942 ಮತ್ತು 1943ರಲ್ಲಿ, ಆಬ್ವೇರ್‌ನ ಅಧಿಕಾರಿಗಳು ಹಿಡಿದ ರೇಡಿಯೋ ಯಂತ್ರಗಳಿಂದಲೇ ಸುಳ್ಳು ಸಂದೇಶ ಕಳಿಸಿ, ಇಂಗ್ಲೆಂಡಿನಿಂದ ವಿಮಾನದಲ್ಲಿ ಬಂದಿಳಿಯುತ್ತಿದ್ದ ಡಚ್ ತರುಣರನ್ನು ಒಬ್ಬೊಬ್ಬರಾಗಿ ಸೆರೆಹಿಡಿದರು. ಹೀಗೆ ಸಿಕ್ಕವರು ಐವತ್ತಕ್ಕೂ ಹೆಚ್ಚು. ಅವರಲ್ಲಿ ಬಹುಮಂದಿ ಬದುಕಿ ಉಳಿಯಲಿಲ್ಲ. ಎಡಗೈ ಎಬ್ಬಿಸಿದ ನೆರೆಯವನನ್ನು ಬಲಗೈ ಕೊಂದಿತು. ದುಷ್ಟ ಮನೆಯೊಳಗಿದ್ದೇ ಒಳ್ಳೆಯದು ಮಾಡುತ್ತೇನೆಂದು ಹೊರಟವನ ಕೈಗಳು ಶುಭ್ರವಾಗಿರುವುದು ಕಷ್ಟ.

ಬಚ್ಚಿಟ್ಟ ಕಡತ

ಅಪಾಯ ಬಂದದ್ದು ಹಣದ ಜಾಡಿನಿಂದ. ಆಬ್ವೇರ್‌ನ ಮ್ಯೂನಿಕ್ ಶಾಖೆಯವನೊಬ್ಬ ವಿದೇಶಿ ನಾಣ್ಯದ ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದು ಬಾಯಿಬಿಟ್ಟ. 1943ನೆಯ ಏಪ್ರಿಲ್ 5ರಂದು ದೊಹ್ನಾನ್ಯಿ, ಅವನ ಭಾವಮೈದುನನಾದ ಪಾದ್ರಿ ಡೀಟ್ರಿಕ್ ಬಾನ್‌ಹೋಫರ್ ಮತ್ತು ಮ್ಯೂಲರ್ ಬಂಧಿತರಾದರು. ಶೋಧನೆಯ ಸಮಯದಲ್ಲಿ ಒಂದು ಚೀಟಿಯನ್ನು ಅಡಗಿಸಲು ಹೋದ ಓಸ್ಟರ್ ಕೆಲಸ ಕಳೆದುಕೊಂಡ. ಮರುವರ್ಷ ಫೆಬ್ರವರಿಯಲ್ಲಿ, ಇಸ್ತಾಂಬುಲ್ ಕಚೇರಿಯ ಅಧಿಕಾರಿಯೊಬ್ಬ ಬ್ರಿಟಿಷರ ಕಡೆಗೆ ಹೋದ ಪ್ರಕರಣದ ಬೆನ್ನಲ್ಲೇ ಹಿಟ್ಲರ್ ಕನಾರಿಸ್‌ನನ್ನೂ ತೆಗೆದುಹಾಕಿದ.

1944ನೆಯ ಜುಲೈ 20ರಂದು ಸ್ಟೌಫನ್‌ಬರ್ಗ್ ಎಂಬ ಕರ್ನಲ್ ಇಟ್ಟ ಬಾಂಬಿನಿಂದ ಹಿಟ್ಲರ್ ಕೂದಲೆಳೆಯಲ್ಲಿ ಪಾರಾದ. ಮರುದಿನ ಓಸ್ಟರ್, ಮೂರನೆಯ ದಿನ ಕನಾರಿಸ್ ಸೆರೆಯಾದರು. ಆದರೂ ಅವರ ಮೇಲೆ ಗಟ್ಟಿ ಪುರಾವೆಯಿರಲಿಲ್ಲ. ಪುರಾವೆಯನ್ನು ಒದಗಿಸಿದವರು ಅವರೇ! ಹಿಟ್ಲರನ ಅಪರಾಧಗಳನ್ನು ಒಂದು ದಿನ ನ್ಯಾಯಾಲಯದ ಮುಂದಿಡಬೇಕು, ನಾವು ಸೋಲನ್ನು ಕಂಡು ಬುದ್ಧಿ ಕಲಿತವರಲ್ಲವೆಂದು ಮುಂದಿನವರಿಗೆ ತೋರಿಸಬೇಕು ಎಂದು ದೊಹ್ನಾನ್ಯಿ ಕೂಡಿಸಿಟ್ಟಿದ್ದ ಕಾಗದಗಳು, ಬರ್ಲಿನ್ನಿನ ದಕ್ಷಿಣಕ್ಕಿರುವ ತ್ಸೋಸೆನ್ ಎಂಬಲ್ಲಿ ಸೇನಾ ಕಚೇರಿಯ ತಿಜೋರಿಯಲ್ಲಿದ್ದುವು. ಸೆಪ್ಟೆಂಬರಿನಲ್ಲಿ ಅವು ಗುಪ್ತ ಪೊಲೀಸರಾದ ಗೆಸ್ಟಾಪೋದವರ ಕೈಸೇರಿದುವು. 1945ರ ಏಪ್ರಿಲ್ ಮೊದಲ ವಾರದಲ್ಲಿ ಕನಾರಿಸ್‌ನ ದಿನಚರಿಯ ಪುಸ್ತಕಗಳೂ ಸಿಕ್ಕುವು. ಅವರನ್ನು ಉಳಿಯಗೊಡಬೇಡಿರೆಂದು ಹಿಟ್ಲರನ ಆಜ್ಞೆ ಹೊರಟಿತು.

ದೊಹ್ನಾನ್ಯಿಯ ಕಥೆ ಕರುಳನ್ನು ಹಿಂಡುವಂಥದು. ವಿಚಾರಣೆಯನ್ನು ಮುಂದೂಡಲು ಅವನಿಗೆ ರೋಗವೊಂದೇ ಆಸರೆಯಾಗಿತ್ತು. ಅವನ ಹೆಂಡತಿ ಕ್ರಿಸ್ಟೀನಾ, ಗಂಡನೇ ಕೇಳಿಕೊಂಡಂತೆ, ಗಂಟಲಮಾರಿಯ ಸೋಂಕನ್ನು ಊಟದೊಡನೆ ಸೆರೆಮನೆಗೆ ಕಳಿಸಿದಳು. ಕೈಹಿಡಿದವನ ಆಯುಸ್ಸನ್ನು ನಾಲ್ಕು ದಿನ ಬೆಳೆಸಲು ಊಟದಲ್ಲಿ ರೋಗವನ್ನು ಬೆರೆಸಿ ಕಳಿಸಿದ ಆ ಹೆಂಗಸಿನ ಮನಸ್ಸು ಹೇಗಿದ್ದೀತೆಂದು ನಮ್ಮ ಸೋದರಿಯರು ಊಹಿಸಿಕೊಳ್ಳಬಲ್ಲರು. ಏಪ್ರಿಲ್ 6ರಂದು ಅವನನ್ನು ಡೋಲಿಯಲ್ಲಿ ಹೊತ್ತು ತಂದು ವಿಚಾರಣೆಯ ಶಾಸ್ತ್ರ ಮುಗಿಸಿದರು. ಕೆಲವೇ ದಿನಗಳಲ್ಲಿ ಕೊಂದರು. ಅವನ ಮಕ್ಕಳಲ್ಲಿ ಒಬ್ಬನು ಮುಂದೆ ಹ್ಯಾಂಬರ್ಗ್ ನಗರದ ಮೇಯರಾದ. ಇನ್ನೊಬ್ಬನು ಹೆಸರುವಾಸಿಯಾದ ಸಂಗೀತ ನಿರ್ದೇಶಕನಾದ.

ಏಪ್ರಿಲ್ 8ರಂದು ಫ್ಲೋಸೆನ್‌ಬ್ಯೂರ್ಗ್ ಎಂಬ ಬಂದೀಶಿಬಿರದಲ್ಲಿ ಕನಾರಿಸ್, ಓಸ್ಟರ್, ಬಾನ್‌ಹೋಫರ್ ಮುಂತಾದವರಿಗೂ ಇಂಥದೇ ವಿಚಾರಣೆ ನಡೆಯಿತು. ಪಕ್ಕದ ಕೋಣೆಯಲ್ಲಿ ಡೆನ್ಮಾರ್ಕಿನ ಲುಂಡಿಂಗ್ ಎಂಬ ಅಧಿಕಾರಿ ಬಂದಿಯಾಗಿದ್ದ. ಅವರಿಬ್ಬರೂ ಗೋಡೆಯನ್ನು ತಟ್ಟುವ ಸಂಕೇತದಿಂದ ಮಾತನಾಡಿಕೊಳ್ಳುತ್ತಿದ್ದರು. ತಾನು ದೇಶದ್ರೋಹಿಯಲ್ಲ, ಜರ್ಮನನಾಗಿ ತನ್ನ ಕರ್ತವ್ಯವನ್ನು ಮಾಡಿದೆ ಎಂದು ಆ ರಾತ್ರಿ ಕನಾರಿಸ್ ತಟ್ಟಿ ತಿಳಿಸಿದನೆಂದು ಲುಂಡಿಂಗ್ ಯುದ್ಧಾನಂತರ ಹೇಳಿದ. ಏಪ್ರಿಲ್ 9ರ ಬೆಳಗ್ಗೆ ಎಲ್ಲರನ್ನೂ ಗಲ್ಲಿಗೇರಿಸಿದರು. ಅದೇ 23ರಂದು ಅಮೆರಿಕದ ಸೇನೆ ಆ ಶಿಬಿರವನ್ನು ಬಿಡಿಸಿತು. 30ರಂದು ಹಿಟ್ಲರ್ ತಾನೇ ಪ್ರಾಣ ಕಳೆದುಕೊಂಡ. ಎರಡೇ ವಾರ ತಡೆದಿದ್ದರೆ!

ಋಣ ಯಾರದು?

ಹಿಟ್ಲರ್ ಸತ್ತಮೇಲೆ ಇವರಿಗೆ ನ್ಯಾಯ ಸಿಕ್ಕಿರಬೇಕೆಂದು ಓದುಗರು ಎಣಿಸಬಹುದು. ಹಾಗಾಗಲಿಲ್ಲ. 1956ರಲ್ಲಿ ಪಶ್ಚಿಮ ಜರ್ಮನಿಯ ಉಚ್ಚತಮ ನ್ಯಾಯಾಲಯವು ಈ ಮರಣದಂಡನೆಗಳನ್ನು ವಿಧಿಸಿದ ನ್ಯಾಯಾಧೀಶನನ್ನು, ಅಂದಿನ ಕಾನೂನಿನಂತೆ ಅವನು ನಡೆದುಕೊಂಡನೆಂದು ಹೇಳಿ ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ಇಂಥ ತೀರ್ಪುಗಳನ್ನು ಒಟ್ಟಾಗಿ ರದ್ದುಗೊಳಿಸುವ ಶಾಸನ ಬಂದುದು 1998ರಲ್ಲಿ. ಅಲ್ಲಿಯವರೆಗೆ ಅರ್ಧ ಶತಮಾನಕ್ಕೂ ಮಿಕ್ಕಿ ಅವರು ದ್ರೋಹಿಗಳೆಂಬ ಬರೆಹ ಕಡತದಲ್ಲಿ ಹಾಗೆಯೇ ಉಳಿಯಿತು.

ಜನರ ಮನಸ್ಸಿನಲ್ಲಿಯೂ ಒಂದು ತಕ್ಕಡಿಯಿತ್ತು. ಅರಸನ ವಿರುದ್ಧ ಎದ್ದರೆ ರಾಜದ್ರೋಹ. ದೇಶದ ಗುಟ್ಟನ್ನು ಹೊರಗಿನವರಿಗೆ ಕೊಟ್ಟರೆ ದೇಶದ್ರೋಹ. ಜರ್ಮನ್ ಭಾಷೆಯಲ್ಲಿಯೂ ಇವೆರಡಕ್ಕೆ ಬೇರೆ ಬೇರೆ ಶಬ್ದಗಳಿವೆ. ಬಾಂಬು ಇಟ್ಟ ಸ್ಟೌಫನ್‌ಬರ್ಗ್‌ನನ್ನು ಕ್ಷಮಿಸಿ ಕೊಂಡಾಡಿದ ಎಷ್ಟೋ ಜನ, ದಾಳಿಯ ದಿನವನ್ನು ಹೇಳಿದ ಓಸ್ಟರ್‌ನನ್ನು ಬಹುಕಾಲ ಕ್ಷಮಿಸಲಿಲ್ಲ. ಸಾಸ್ 1948ರಲ್ಲಿ ಡಚ್ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ಗೆಳೆಯನ ಮಾತೊಂದನ್ನು ನೆನೆದ. ಜನ ತನ್ನನ್ನು ದೇಶದ್ರೋಹಿಯೆನ್ನಬಹುದು. ಆದರೆ ಹಿಟ್ಲರನ ಹಿಂದೆ ಓಡುವವರಿಗಿಂತ ತಾನೇ ಒಳ್ಳೆಯ ಜರ್ಮನನೆಂದು ಓಸ್ಟರ್ ನಂಬಿದ್ದನಂತೆ.

ಗುಟ್ಟು ಮಾರಿದವರು ಆ ಯುದ್ಧದಲ್ಲಿ ಬೇಕಾದಷ್ಟು ಮಂದಿಯಿದ್ದರು. ತುರ್ಕಿಯ ಅಂಕಾರಾ ನಗರದಲ್ಲಿ ಬ್ರಿಟಿಷ್ ರಾಯಭಾರಿಯ ಮನೆಯ ಸೇವಕ ಬಾಜ್ನಾ ಎಂಬವನು ಧಣಿಯ ಕಾಗದಗಳ ಛಾಯಾಚಿತ್ರ ತೆಗೆದು 1943–44ರಲ್ಲಿ ಜರ್ಮನರಿಗೆ ಮಾರಿದ. ಅವರು ಕೊಟ್ಟ ಪೌಂಡು ನೋಟುಗಳಲ್ಲಿ ಬಹುಪಾಲು ಖೋಟಾ ಎಂದು ಆಮೇಲೆ ತಿಳಿಯಿತು! ಉಂಡ ಮನೆಯ ಜಂತೆ ಎಣಿಸಿದವನೆಂದರೆ ಅವನು. ಓಸ್ಟರ್ ಕಾಸೊಂದನ್ನೂ ಪಡೆಯಲಿಲ್ಲ. ಶತ್ರು ದೇಶಕ್ಕೆ ಓಡಿಹೋಗಿ ಜೀವ ಉಳಿಸಿಕೊಳ್ಳಲೂ ಇಲ್ಲ. ವಿಭೀಷಣನಿಗೆ ಕೊನೆಯಲ್ಲಿ ಲಂಕೆಯ ಪಟ್ಟವಾದರೂ ಸಿಕ್ಕಿತು. ಇವನಿಗೆ ಸಿಕ್ಕಿದ್ದು ಉರುಲು.

ಹಾಗಾದರೆ ಮಕ್ಕಳಿಗೆ ನಾವು ಏನು ಹೇಳಬೇಕು? ಉಪ್ಪಿನ ಋಣ ಸುಳ್ಳೆಂದು ಹೇಳಲಾರೆವು. ಅದನ್ನು ನಂಬಿಯೇ ನಾವು ಪರಸ್ಥಳದಲ್ಲಿ ಮಾನದಿಂದ ಬದುಕಿದವರು. ಆದರೆ ಉಪ್ಪು ಯಾರದೆಂಬುದನ್ನು ಒಮ್ಮೆ ಕೇಳಿಕೊಳ್ಳಬೇಕು. ಓಸ್ಟರ್ ಉಂಡ ಅನ್ನ ಜರ್ಮನಿಯ ರೈತ ಬೆಳೆದದ್ದು, ಹಿಟ್ಲರ್ ಬೆಳೆದದ್ದಲ್ಲ. ಮನೆಯ ಯಜಮಾನನೇ ನಡುರಾತ್ರಿ ಕೊಳ್ಳಿ ಹಿಡಿದು ನೆರೆಮನೆಗೆ ಬೆಂಕಿಯಿಡಲು ಹೊರಟಾಗ, ಮನೆಯ ಆಳೊಬ್ಬನು ಹಿತ್ತಲ ಬಾಗಿಲಿನಿಂದ ಓಡಿ ನೆರೆಯವರ ಕದ ತಟ್ಟಿದರೆ, ಅವನು ತೀರಿಸಿದ್ದು ಮನೆಯ ಋಣವನ್ನೇ. ನೆರೆಯವರು ಏಳಲಿಲ್ಲವೆಂಬುದು ಅವನ ತಪ್ಪಲ್ಲ.

ಮುಂದಿನ ಸಲ ವಿಭೀಷಣನ ಕಥೆ ಬಂದಾಗ ಮಕ್ಕಳು ಅದೇ ಪ್ರಶ್ನೆಯನ್ನು ಕೇಳಲಿ. ಬರ್ಲಿನ್ನಿನ ಆ ಕಾಲುವೆಯ ದಂಡೆಯ ಕಥೆಯನ್ನೂ ಜೊತೆಗೆ ಹೇಳಿ, ಉತ್ತರವನ್ನು ಅವರಿಗೇ ಬಿಡೋಣ.